ಅಜಾಗಲಸ್ತನ

ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ಅಜಾಗಲಸ್ತನ ನ್ಯಾಯವೆಂಬುದೊಂದು. ಅಜಾ ಎಂದರೆ ಹೆಣ್ಣಾಡು, ಗಲವೆಂದರೆ ಕೊರಳು, ಸ್ತನವೆಂದರೆ ಮೊಲೆ. ಕೆಲವು ಆಡುಗಳ ಗಂಟಲಿನ ಕೆಳಗೆ, ಎಡಕ್ಕೊಂದು ಬಲಕ್ಕೊಂದರಂತೆ, ಕಿರುಬೆರಳಿನಷ್ಟು ಉದ್ದದ ಎರಡು ತೊಗಲಿನ ಕುಡಿಗಳು ಜೋಲಾಡುತ್ತಿರುತ್ತವೆ. ನೋಟಕ್ಕೆ ಮೊಲೆಯಂತೆಯೇ ಇವೆ; ಹಿಂಡಿದರೆ ಹಾಲಿಲ್ಲ. ಆದಕಾರಣ ಇದ್ದೂ ಇಲ್ಲದಂತಹ ವಸ್ತುವಿಗೂ, ಪುರುಷಾರ್ಥಗಳಲ್ಲಿ ಒಂದನ್ನೂ ಸಾಧಿಸದೆ ಬಾಳು ಕಳೆದವನ ಜನ್ಮಕ್ಕೂ ಪೂರ್ವಿಕರು ಇದನ್ನು ಉಪಮಾನವಾಗಿ ಹೇಳುತ್ತ ಬಂದರು. ಪಾಠಶಾಲೆಯಲ್ಲಿ ನಾವು ಇದನ್ನು ಕಾಕತಾಲೀಯ, ಅಂಧಗಜ, ಘುಣಾಕ್ಷರ ಮೊದಲಾದ ನ್ಯಾಯಗಳ ಸಾಲಿನಲ್ಲಿ ಬಾಯಿಪಾಠ ಮಾಡಿದೆವು. ಗುರುಗಳು ಅರ್ಥ ಹೇಳಿದರು, ನಾವು ಬರೆದುಕೊಂಡೆವು. ಆಡಿನ ಬಳಿಗೆ ಹೋಗಿ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ, ಹನೂರಿನಿಂದಾಚೆ ಬೆಟ್ಟದ ತಪ್ಪಲಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದ. ಬಂದರೂ ಪದ್ಯ ಒಪ್ಪಿಸುತ್ತಿರಲಿಲ್ಲ. ಒಂದು ದಿನ ನನಗೆ ತಾಳ್ಮೆ ತಪ್ಪಿತು. "ನೀನು ಈ ತರಗತಿಯ ಅಜಾಗಲಸ್ತನ" ಎಂದುಬಿಟ್ಟೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಾಂಡಿತ್ಯದ ಚಪಲ, ಪದವಿಭಾಗ ಮಾಡಿ ಅರ್ಥವನ್ನೂ ಹೇಳಿದೆ. ತರಗತಿಯೆಲ್ಲ ನಕ್ಕಿತು. ಹುಡುಗ ನಗಲಿಲ್ಲ, ಅಳಲೂ ಇಲ್ಲ. ನಿಧಾನವಾಗಿ ಹೇಳಿದ: "ಅದು ಮೊಲ ಅಲ್ಲ ಸಾ. ಮ್ಯಾಕ ಸಾಕೋರು ಯಾರೂ ಅಲ್ಲಿ ಹಾಲು ಕರಿಯಾಕ ಹೋಗದಿಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಕುಳಿತುಕೋ ಎಂದೆ. ವರ್ಷ ಮುಗಿಯುವ ಮುನ್ನವೇ ಅವನು ಶಾಲೆ ಬಿಟ್ಟ. ಮನೆಯ ಬಡತನವೇ ಕಾರಣವೆಂದು ಸಹೋದ್ಯೋಗಿಗಳು ಸಮಾಧಾನ ಹೇಳಿದರು, ಇದ್ದರೂ ಇರಬಹುದು. ಆದರೆ ಆ ಮಾತನ್ನು ಆಡಿದವನು ನಾನು. ಅಂದಿನಿಂದ ಆ ನ್ಯಾಯವು ನನ್ನನ್ನು ಕಾಡುತ್ತ ಬಂದಿದೆ. ಜೀವಶಾಸ್ತ್ರ ನನ್ನ ಪಾಠದ ವಿಷಯವಲ್ಲ; ವಿಜ್ಞಾನದ ಅಧ್ಯಾಪಕರನ್ನೂ ಪಶುವೈದ್ಯರನ್ನೂ ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ ತಿಳಿದುದನ್ನು ಇಲ್ಲಿ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಮೊದಲು ಶಬ್ದವಿಚಾರ. ದೇಹದೊಳಗೂ ಹೊರಗೂ ಮೊನಚಾಗಿಯೋ ಮೊಂಡಾಗಿಯೋ ಎದ್ದಿರುವ ಸಣ್ಣ ಸಣ್ಣ ಉಬ್ಬುಗಳಿಗೆ ಅಂಗರಚನಾಶಾಸ್ತ್ರದಲ್ಲಿ ಪ್ಯಾಪಿಲ್ಲ ಎಂದು ಹೆಸರು. ಇದು ಲ್ಯಾಟಿನ್ ಮಾತು. ಮೊಲೆತೊಟ್ಟು ಎಂಬುದೇ ಅದರ ಮೂಲಾರ್ಥ. ನಮ್ಮ ಅಮರಕೋಶವು ಚೂಚುಕವೆಂಬ ಶಬ್ದಕ್ಕೆ ಕುಚಾಗ್ರವೆಂದು ಅರ್ಥ ಕೊಡುತ್ತದೆ, ಎರಡೂ ಒಂದೇ. ಕನ್ನಡದ ವಿಜ್ಞಾನ ಬರಹಗಳಲ್ಲಿ ಅಂಕುರವೆಂಬ ಪದವನ್ನು ಬಳಸುವವರಿದ್ದಾರೆ. ಅಂಕುರವು ಇಂದು ಮೊಳೆತು ನಾಳೆ ಬೆಳೆಯುವಂತಹುದು. ಈ ಉಬ್ಬುಗಳು ಹಾಗೆ ಗಿಡವಾಗುವುದಿಲ್ಲ. ಆದ್ದರಿಂದ ತೊಟ್ಟು ಎಂಬ ಅಚ್ಚಗನ್ನಡದ ಮಾತೇ ನನಗೆ ಹಿತವಾಗಿ ತೋರುತ್ತದೆ. ಬದನೆಕಾಯಿಗೂ ತೊಟ್ಟಿದೆ, ಮೊಲೆಗೂ ತೊಟ್ಟಿದೆ, ನೀರಿನ ಹನಿಗೂ ನಾವು ತೊಟ್ಟೆನ್ನುತ್ತೇವೆ. ಈ ಮಾತು ಬಂದೊಡನೆ ತರಗತಿಯಲ್ಲಿ ಕಿಸಕ್ಕೆನ್ನುವವರುಂಟು. ತಾಯಿಯ ಹಾಲು ಕುಡಿದು ಬೆಳೆದವರಿಗೆ ಇದರಲ್ಲಿ ನಗುವಂತಹುದೇನೂ ಇಲ್ಲ.

ಅಲಂಕಾರಶಾಸ್ತ್ರದ ಪ್ರಕಾರ ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಸಾಧಾರಣ ಧರ್ಮ, ಉಪಮಾವಾಚಕ. ಮುಖವು ಚಂದ್ರನಂತಿದೆ ಎಂದಾಗ ಸಾಧಾರಣ ಧರ್ಮವು ಆಹ್ಲಾದಕತ್ವ. ಮುಖದಲ್ಲಿ ಗ್ರಹಣ ಹಿಡಿಯಲಿಲ್ಲವೆಂದು ಯಾರೂ ದೂರುವುದಿಲ್ಲ. ಅಂಗರಚನಾಕಾರರು ದೇಹದ ಉಬ್ಬುಗಳನ್ನು ಮೊಲೆತೊಟ್ಟೆಂದು ಕರೆದಾಗ ಅವರು ಕಂಡ ಸಾಧಾರಣ ಧರ್ಮವು ಆಕಾರವೊಂದೇ. ಅಲ್ಲಿ ಹಾಲನ್ನು ಅವರು ಹುಡುಕಲಿಲ್ಲ. ಆದ್ದರಿಂದಲೇ ಒಂದೊಂದು ತೊಟ್ಟಿನ ನಿಜವಾದ ಕೆಲಸವನ್ನು ಕಂಡರು. ನಮ್ಮ ನ್ಯಾಯಕಾರನು ಆಕಾರದಲ್ಲಿ ಸಾಮ್ಯ ಕಂಡು, ಕೆಲಸದಲ್ಲಿಯೂ ಸಾಮ್ಯವನ್ನು ಬೇಡಿದನು. ಇಲ್ಲೇ ಎಡವಿದ್ದು.

ತೊಟ್ಟುಗಳನ್ನು ನೋಡಬೇಕೆಂದರೆ ಕನ್ನಡಿಯ ಮುಂದೆ ನಿಂತು ನಾಲಗೆ ಚಾಚಿದರೆ ಸಾಕು. ನಾಲಗೆ ಮಖಮಲ್ಲಿನಂತೆ ಕಾಣುವುದಕ್ಕೆ ಕಾರಣ ಅದರ ಮೇಲಿನ ಅಸಂಖ್ಯಾತ ತೊಟ್ಟುಗಳು. ಇವುಗಳಲ್ಲಿ ನಾಲ್ಕು ಜಾತಿ. ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವವು ಎಳೆಯಂತಹ ಸಣ್ಣ ತೊಟ್ಟುಗಳು. ಇವು ರುಚಿ ಅರಿಯವು; ನಾಲಗೆಗೆ ಒರಟುತನವನ್ನು ಕೊಟ್ಟು ತುತ್ತು ಜಾರದಂತೆ ಹಿಡಿಯುವುದು ಇವುಗಳ ಕೆಲಸ. ಇವುಗಳ ನಡುವೆ ತುದಿಯಲ್ಲಿಯೂ ಅಂಚುಗಳಲ್ಲಿಯೂ ಕೆಂಪು ಚುಕ್ಕೆಗಳಂತೆ ಕಾಣುವವು ಅಣಬೆಯಾಕಾರದ ತೊಟ್ಟುಗಳು. ಹಿಂಭಾಗದ ಎರಡೂ ಪಕ್ಕಗಳಲ್ಲಿ ಪುಸ್ತಕದ ಹಾಳೆಗಳನ್ನು ನಿಲ್ಲಿಸಿದಂತಹ ಮಡಿಕೆಗಳಿವೆ; ಅವು ಮೂರನೆಯವು. ಇನ್ನೂ ಹಿಂದೆ, ಗಂಟಲ ಬಾಗಿಲಿನಲ್ಲಿ, ಎಂಟರಿಂದ ಹನ್ನೆರಡು ದೊಡ್ಡ ತೊಟ್ಟುಗಳು ಬಾಣದ ಮೊನೆಯ ಆಕಾರದಲ್ಲಿ ಸಾಲಾಗಿ ನಿಂತಿವೆ. ಒಂದೊಂದರ ಸುತ್ತಲೂ ಕೋಟೆಯ ಸುತ್ತಣ ಕಂದಕದಂತೆ ಒಂದು ತಗ್ಗು. ಆ ಕಂದಕದ ತಳದಲ್ಲಿ ನೀರೂಡುವ ಗ್ರಂಥಿಗಳು. ಒಂದು ರುಚಿಯನ್ನು ತೊಳೆದು ಮುಂದಿನದಕ್ಕೆ ಎಡೆ ಮಾಡಿಕೊಡುವುದಕ್ಕಾಗಿ ಈ ವ್ಯವಸ್ಥೆ. ಎಂದೋ ಒಂದು ದಿನ ಬಾಯಿ ಅಗಲಿಸಿ ಕನ್ನಡಿ ನೋಡಿದವರು ಈ ಉಬ್ಬುಗಳನ್ನು ಕಂಡು, ಗಂಟಲಲ್ಲಿ ಗಡ್ಡೆಯೆದ್ದಿದೆ ಎಂದು ಹೆದರಿ ವೈದ್ಯರ ಬಳಿಗೆ ಓಡುವುದುಂಟು. ಹುಟ್ಟಿನಿಂದ ಬಂದವು ಅವು.

ರುಚಿಯನ್ನು ಅರಿಯುವುದು ತೊಟ್ಟಲ್ಲ. ತೊಟ್ಟಿನ ಗೋಡೆಯಲ್ಲಿ ಹುದುಗಿರುವ ರುಚಿಮೊಗ್ಗುಗಳು. ಬರಿಗಣ್ಣಿಗೆ ಇವು ಕಾಣುವುದಿಲ್ಲ. ಒಂದೊಂದು ಮೊಗ್ಗಿನಲ್ಲಿಯೂ ಹತ್ತಾರು ಜೀವಕೋಶಗಳಿದ್ದು, ಹೆಚ್ಚುಕಡಿಮೆ ಹತ್ತು ದಿನಕ್ಕೊಮ್ಮೆ ಹಳೆಯವು ಸತ್ತು ಹೊಸವು ಹುಟ್ಟುತ್ತವೆ. ಬಿಸಿ ಕಾಫಿ ನಾಲಗೆಯನ್ನು ಸುಟ್ಟರೂ ಕೆಲವು ದಿನಗಳಲ್ಲಿ ರುಚಿ ಮರಳುವುದು ಇದರಿಂದಲೇ. ಕಬ್ಬಿಣದ ಅಂಶವೋ ಬಿ ಹನ್ನೆರಡು ಜೀವಸತ್ತ್ವವೋ ಕಡಿಮೆಯಾದಾಗ ಎಳೆತೊಟ್ಟುಗಳು ಸವೆದು ನಾಲಗೆ ನುಣ್ಣಗಾಗುತ್ತದೆ. ವೈದ್ಯರು ಮೊದಲು ನಾಲಗೆ ಚಾಚೆನ್ನುವುದು ಬರಿಯ ಶಾಸ್ತ್ರಕ್ಕಲ್ಲ.

ಇಲ್ಲಿ ನಮ್ಮ ಷಡ್ರಸಗಳ ಮಾತು ಬಂದೇ ಬರುತ್ತದೆ. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂದು ಆಯುರ್ವೇದವು ಆರನ್ನು ಎಣಿಸಿತು. ಈಗಿನ ವಿಜ್ಞಾನವು ಐದನ್ನು ಹೇಳುತ್ತದೆ. ಸಿಹಿ, ಹುಳಿ, ಉಪ್ಪು, ಕಹಿಗಳು ಇಬ್ಬರಿಗೂ ಸಮ್ಮತ. ಐದನೆಯದನ್ನು 1908ರಲ್ಲಿ ಜಪಾನಿನ ಕಿಕುನಾಯೆ ಇಕೆದಾ ಎಂಬವರು ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಹೆಸರಿಟ್ಟರು. ಹಾಗಾದರೆ ಖಾರವೂ ಒಗರೂ ಎಲ್ಲಿ ಹೋದವು? ಮೆಣಸಿನಕಾಯಿಯ ಖಾರವು ರುಚಿಮೊಗ್ಗನ್ನು ಮುಟ್ಟುವುದೇ ಇಲ್ಲ. ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳನ್ನು ಕೆರಳಿಸುತ್ತದೆ. ಆ ನರಗಳ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ವರ್ಷ ಅದನ್ನು ಹಂಚಿಕೊಂಡವರು ಇಬ್ಬರು. ಎಳೆಯ ಬಾಳೆಕಾಯಿಯ ಒಗರನ್ನು ಬಹುಮಟ್ಟಿಗೆ ಸ್ಪರ್ಶದ ಲೆಕ್ಕಕ್ಕೆ ಸೇರಿಸುತ್ತಾರೆ. ಹಾಗೆಂದು ಆಯುರ್ವೇದವು ತಪ್ಪಿತೆನ್ನಲಾಗದು. ಅದು ಬಾಯಿಗೆ ಬಂದ ಅನುಭವವನ್ನು ಎಣಿಸಿತು. ಇದು ಮೊಗ್ಗುಗಳನ್ನು ಎಣಿಸುತ್ತದೆ.

ತಪ್ಪಿದ್ದು ಬೇರೊಂದು ಕಡೆ. ನಾವು ಓದಿದ ಪಠ್ಯದಲ್ಲಿ ನಾಲಗೆಯ ಒಂದು ನಕ್ಷೆ ಇತ್ತು: ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಉಪ್ಪು ಹುಳಿ, ಹಿಂದೆ ಕಹಿ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕವನ್ನೂ ಪಡೆದೆವು. ಜರ್ಮನಿಯ ಹ್ಯಾನಿಗ್ ಎಂಬ ವಿದ್ವಾಂಸರು 1901ರಲ್ಲಿ ನಾಲಗೆಯ ಬೇರೆ ಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವನ್ನು ತೋರಿಸಿದ್ದರು. ಅನಂತರದವರು ಆ ಅಲ್ಪವನ್ನು ಜಮೀನಿನ ಬದುವಿನಂತೆ ಗಡಿ ಹಾಕಿ ಹಂಚಿಬಿಟ್ಟರು. ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಚಿಟಿಕೆ ಉಪ್ಪನ್ನು ನಾಲಗೆಯ ತುದಿಗಿಟ್ಟು ನೋಡಿದ್ದರೆ ಆ ನಕ್ಷೆ ಒಂದು ದಿನವೂ ಬಾಳುತ್ತಿರಲಿಲ್ಲ. ನಾವು ಯಾರೂ ಇಟ್ಟು ನೋಡಲಿಲ್ಲ. ಆಡನ್ನು ನೋಡದಿದ್ದ ಹಾಗೆಯೇ.

ಕರುವನ್ನು ನೆಕ್ಕುವ ಹಸು ಒಮ್ಮೆ ನಮ್ಮ ಕೈಯನ್ನು ನೆಕ್ಕಿದರೆ ಉಪ್ಪುಕಾಗದದಿಂದ ಉಜ್ಜಿದಂತಾಗುತ್ತದೆ. ಅದರ ಎಳೆತೊಟ್ಟುಗಳು ಗಡುಸಾಗಿ, ಮೊನೆ ಹಿಂದಕ್ಕೆ ಬಾಗಿರುತ್ತವೆ. ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ಹುಲ್ಲಿಗೆ ನಾಲಗೆ ಸುತ್ತಿ ಸೆಳೆಯಬೇಕು. ಒರಟಿಲ್ಲದ ನಾಲಗೆಯಿಂದ ಅದಾಗದು. ಕೆನ್ನೆಯ ಒಳಗೋಡೆಯಲ್ಲಿಯೂ ಮುಳ್ಳಿನಂತಹ ದಪ್ಪ ತೊಟ್ಟುಗಳು ಗಂಟಲ ಕಡೆಗೆ ಮುಖಮಾಡಿ ನಿಂತಿವೆ. ಬಾಯಿಗೆ ಬಂದ ಮೇವು ಹೊರಗೆ ಚೆಲ್ಲದೆ ಒಳಗೆ ಸಾಗುವಂತೆ. ಬೆಕ್ಕಿನ ನಾಲಗೆಯ ತೊಟ್ಟುಗಳ ತುದಿ ಸೌಟಿನಂತೆ ಟೊಳ್ಳಾಗಿದ್ದು, ಜೊಲ್ಲನ್ನು ತುಂಬಿಕೊಂಡು ಕೂದಲ ಬುಡಕ್ಕೆ ಒಯ್ಯುತ್ತವೆಂದು 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು; ಹುಲಿಯಲ್ಲಿಯೂ ಇದೇ ಬಗೆಯ ರಚನೆ ಕಂಡಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟವು ಯಳಂದೂರಿನ ನೆತ್ತಿಯ ಮೇಲಿದೆ; ಮಾದಪ್ಪನಂತೂ ಹುಲಿಯನ್ನೇ ಏರಿದ ದೇವರು. ಆ ವಾಹನದ ನಾಲಗೆಯು ಮೂಳೆಗೆ ಅಂಟಿದ ಮಾಂಸವನ್ನು ಹೆರೆದು ತೆಗೆಯುವಷ್ಟು ಗಡುಸು.

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯ ಒಳಗೋಡೆಯನ್ನು ಪಶುವೈದ್ಯರೊಬ್ಬರು ನನಗೆ ಚಿತ್ರದಲ್ಲಿ ತೋರಿಸಿದರು. ಟರ್ಕಿ ಟವೆಲಿನಂತೆ ಒತ್ತಾಗಿ ತೊಟ್ಟುಗಳು. ಹುಲ್ಲು ಅಲ್ಲಿ ಸೂಕ್ಷ್ಮಜೀವಿಗಳಿಂದ ಹುಳಿತು ಆಮ್ಲಗಳಾದಾಗ ಅವನ್ನು ಹೀರಿ ರಕ್ತಕ್ಕೆ ಸೇರಿಸುವ ಕೆಲಸ ಇವುಗಳದು. ಹೀರುವ ಗೋಡೆಯ ವಿಸ್ತಾರವನ್ನು ಸ್ಥಳ ಹೆಚ್ಚಿಸದೆಯೇ ಹೆಚ್ಚಿಸುವ ಉಪಾಯವಿದು. ಹುಟ್ಟಿದ ಕರುವಿಗೆ ಈ ತೊಟ್ಟುಗಳು ತೀರ ಕಿರಿದು. ಹಾಲನ್ನೇ ಕುಡಿಸುತ್ತಿದ್ದರೆ ಅವು ಬೆಳೆಯುವುದಿಲ್ಲ. ಹಿಂಡಿ ಮೇವುಗಳನ್ನು ತಿನ್ನಲಾರಂಭಿಸಿದ ಮೇಲೆ, ಆ ಮೇವಿನಿಂದ ಹುಟ್ಟಿದ ಆಮ್ಲಗಳ ಪ್ರೇರಣೆಯಿಂದಲೇ ಬೆಳೆಯುತ್ತವೆ. ಕರುವಿಗೆ ಕೆಲವು ವಾರಗಳಾಗುತ್ತಲೇ ಸ್ವಲ್ಪ ಸ್ವಲ್ಪವಾಗಿ ಕರುವಿನ ಹಿಂಡಿಯನ್ನು ಅಭ್ಯಾಸ ಮಾಡಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ನಮ್ಮ ದೇಹದ ಉಳಿದ ತೊಟ್ಟುಗಳನ್ನು ಬೇಗನೆ ನೋಡಿಬಿಡೋಣ. ಕಣ್ಣಿನ ಒಳಮೂಲೆಯಲ್ಲಿ ರೆಪ್ಪೆಯ ಅಂಚಿಗೆ ಒಂದು ಚಿಕ್ಕ ಉಬ್ಬು, ಅದರ ನೆತ್ತಿಯಲ್ಲಿ ಸೂಜಿಮೊನೆಯಷ್ಟು ರಂಧ್ರ. ಕಣ್ಣೀರು ಅಲ್ಲಿಂದ ಮೂಗಿಗೆ ಇಳಿಯುತ್ತದೆ. ಅಳುವವರ ಮೂಗು ಸೋರುವುದು ಇದರಿಂದ. ಮೇಲಿನ ಮುಂಬಲ್ಲುಗಳ ಹಿಂದೆ ನಾಲಗೆಯ ತುದಿಯನ್ನಿಟ್ಟರೆ ಅಲ್ಲಿಯೂ ಒಂದು ತೊಟ್ಟು ತಾಗುತ್ತದೆ. ಮೂತ್ರಪಿಂಡದೊಳಗೆ ಮೂತ್ರವು ತೊಟ್ಟುಗಳ ತುದಿಯಿಂದಲೇ ತೊಟ್ಟಿಕ್ಕುತ್ತದೆ. ಪಿತ್ತರಸವು ಕರುಳಿಗೆ ಸೇರುವ ಬಾಗಿಲೂ ಒಂದು ತೊಟ್ಟೇ. ಪ್ರತಿಯೊಂದು ಕೂದಲಿನ ಬುಡದಲ್ಲಿಯೂ ರಕ್ತನಾಳ ತುಂಬಿದ ಒಂದು ತೊಟ್ಟು ಕುಳಿತು ಅದನ್ನು ಬೆಳೆಸುತ್ತದೆ. ಕಣ್ಣಿನ ಹಿಂಭಾಗದಲ್ಲಿ ನರವು ಹೊರಡುವ ಜಾಗವನ್ನು ಉಬ್ಬೆಂದು ಬಗೆದು ಹಿಂದಿನವರು ಅದನ್ನೂ ಪ್ಯಾಪಿಲ್ಲ ಎಂದು ಕರೆದರು. ಅದು ಚಪ್ಪಟೆಯಾದುದು, ನಡುವೆ ತುಸು ತಗ್ಗೂ ಹೌದು. ಹೆಸರಿಡುವವರು ಎಡವುವುದು ನಮ್ಮ ದೇಶದಲ್ಲಿ ಮಾತ್ರವಲ್ಲವೆಂದು ನನಗೆ ಸಣ್ಣ ಸಮಾಧಾನವಾಯಿತು.

ಬೆರಳ ತುದಿಯ ಮಾತನ್ನು ಹಾಗೆ ದಾಟಲಾಗದು. ಒಳಚರ್ಮದ ತೊಟ್ಟುಗಳು ಮೇಲ್ಚರ್ಮದೊಳಕ್ಕೆ ಚುಚ್ಚಿಕೊಂಡು ಎರಡನ್ನೂ ಬಿಗಿಯುತ್ತವೆ. ಅಂಗೈ, ಬೆರಳುಗಳಲ್ಲಿ ಅವು ಸಾಲಾಗಿ ನಿಂತಿರುವುದರಿಂದ ಮೇಲೆ ಕಾಣುವ ಗೆರೆಗಳಿಗೆ ಅವುಗಳದೇ ಆಧಾರ. ತಾಯಿಯ ಗರ್ಭದಲ್ಲಿಯೇ ಮೂಡಿದ ಈ ಗೆರೆಗಳು ಒಬ್ಬರವು ಇನ್ನೊಬ್ಬರಿಗಿಲ್ಲ, ಅವಳಿಗಳಿಗೂ ಇಲ್ಲ. ಮೇಲ್ಚರ್ಮ ಸುಲಿದರೂ ಅದೇ ಗೆರೆ ಮತ್ತೆ ಬರುತ್ತದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನಿಂದ ಒಪ್ಪಂದದ ಪತ್ರದ ಮೇಲೆ ಅಂಗೈ ಮುದ್ರೆ ಪಡೆದನು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಗೆರೆಗಳನ್ನು ವರ್ಗೀಕರಿಸುವ ಲೆಕ್ಕಾಚಾರದಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರ ಪಾಲು ದೊಡ್ಡದು. ಹೆಬ್ಬೆಟ್ಟಿನವನೆಂದರೆ ಅಕ್ಷರ ಬಾರದವನೆಂಬ ಹೀಯಾಳಿಕೆ ನಮ್ಮಲ್ಲಿತ್ತು. ಈಗ ಪಡಿತರದಂಗಡಿಯಲ್ಲಿ ಪಂಡಿತನೂ ಬೆರಳೊತ್ತಿಯೇ ಅಕ್ಕಿ ತರಬೇಕು. ಕಲ್ಲು ಮಣ್ಣಿನ ಕೂಲಿಯಿಂದ ಬೆರಳು ಸವೆದವರದು ಯಂತ್ರಕ್ಕೆ ಹತ್ತದೆ ಹೋಗುವುದೂ ಉಂಟು. ದುಡಿಮೆಯೇ ಗುರುತನ್ನು ಅಳಿಸಿತೆಂಬುದು ಅವರ ತಪ್ಪೇ?

ಕೊಳ್ಳೇಗಾಲದ ಹೆಸರು ರೇಷ್ಮೆಯ ಜೊತೆ ಬೆಸೆದಿದೆ. ಆ ರೇಷ್ಮೆ ಹೊರಬರುವುದೂ ಒಂದು ತೊಟ್ಟಿನಿಂದ. ರೇಷ್ಮೆಹುಳುವಿನ ತಲೆಯ ಕೆಳಗೆ, ಕೆಳತುಟಿಯಲ್ಲಿ, ಸೂಕ್ಷ್ಮವಾದ ಒಂದೇ ಒಂದು ಮೊನೆಯಿದೆ. ದೇಹದ ಎರಡು ಪಕ್ಕಗಳಲ್ಲಿ ಸುತ್ತಿಕೊಂಡಿರುವ ಎರಡು ಗ್ರಂಥಿಗಳ ರಸವು ತಲೆಯಲ್ಲಿ ಕೂಡಿ ಅಲ್ಲಿಂದ ಹೊರಡುತ್ತದೆ. ನಾಲ್ಕು ಜ್ವರ ಮುಗಿಸಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ, ಅದು ಮೊದಲ ಹನಿಯನ್ನು ಅಂಟಿಸಿ ತಲೆಯನ್ನು ಅತ್ತಿತ್ತ ಆಡಿಸುತ್ತದೆ. ಆ ಸೆಳೆತದಿಂದಲೇ ದ್ರವವು ಎಳೆಯಾಗುತ್ತದೆ. ಎರಡು ಎಳೆಗಳನ್ನು ಒಂದು ಅಂಟು ಸೇರಿಸಿ ಹಿಡಿದಿರುತ್ತದೆ. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿಗೆ ಹಾಕುವುದು ಆ ಅಂಟನ್ನು ಸಡಿಲಿಸುವುದಕ್ಕೆ. ಒಂದು ಒಳ್ಳೆಯ ಗೂಡಿನ ಎಳೆ ಸಾವಿರ ಮೀಟರಿನ ಆಸುಪಾಸು. ತಳಿಯಿಂದ ತಳಿಗೆ ಹೆಚ್ಚುಕಡಿಮೆಯಿದೆ. ಮದುವೆಯ ಸೀರೆಯೊಂದರ ಹಿಂದೆ ಇಂತಹ ಸಾವಿರಾರು ತೊಟ್ಟುಗಳಿವೆ. ಅವುಗಳಲ್ಲಿಯೂ ಹಾಲಿಲ್ಲ.

ಇನ್ನು ಹಾಲುಳ್ಳ ನಿಜವಾದ ಮೊಲೆ. ಹಸು ಎಮ್ಮೆಗಳಿಗೆ ನಾಲ್ಕು, ಆಡು ಕುರಿಗಳಿಗೆ ಎರಡು. ಆನೆಗೂ ಎರಡೇ, ಅದೂ ಮನುಷ್ಯರಂತೆ ಮುಂಗಾಲುಗಳ ನಡುವೆ ಎದೆಯಲ್ಲಿ. ಹಸುವಿನ ಮೊಲೆಯ ತುದಿಯಲ್ಲಿ ಒಂದು ಕಿರುಗಾಲುವೆ. ಅದನ್ನು ಉಂಗುರದಂತಹ ಸ್ನಾಯು ಮುಚ್ಚಿರುತ್ತದೆ. ಕರೆದ ಮೇಲೆ ಅದು ಬಿಗಿಯಾಗಿ ಮುಚ್ಚಿಕೊಳ್ಳುವುದಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಹಸು ಸಗಣಿ ಗಂಜಲದ ನೆಲದ ಮೇಲೆ ಮಲಗಿದರೆ ರೋಗಾಣುಗಳು ಒಳಹೊಕ್ಕು ಕೆಚ್ಚಲು ಬಾವು ಬರಬಹುದು. ಹಾಲು ಕರೆದೊಡನೆ ಮುಂದೆ ಮೇವು ಹಾಕಿ ನಿಲ್ಲಿಸಬೇಕೆನ್ನುವುದು ಇದಕ್ಕೇ. ಗಂಡಸರ ಎದೆಯ ತೊಟ್ಟುಗಳು ಯಾಕಾಗಿ ಎಂದು ಹುಡುಗರು ಕೇಳುವುದುಂಟು. ಗರ್ಭದಲ್ಲಿ ಗಂಡು ಹೆಣ್ಣೆಂಬ ದಾರಿ ಕವಲೊಡೆಯುವ ಮುಂಚೆಯೇ ಅವು ಮೂಡಿರುತ್ತವೆ. ಹೋರಿಗೂ ಕಿರುಮೊಲೆಗಳಿವೆ, ಗಂಡಿಲಿಗೆ ಅವು ಗರ್ಭದಲ್ಲಿಯೇ ಅಡಗಿಹೋಗುತ್ತವೆ.

ಕೊನೆಗೆ ಆಡಿನ ಕೊರಳು. ಅದರೊಳಗೆ ಹಾಲಿನ ಗ್ರಂಥಿಯಿಲ್ಲ, ನಾಳವೂ ಇಲ್ಲ. ನ್ಯಾಯಕಾರನು ಅಷ್ಟರಮಟ್ಟಿಗೆ ಸತ್ಯವನ್ನೇ ಹೇಳಿದನು. ನಡುವೆ ಮೆಲ್ಲೆಲುಬಿನ ಒಂದು ಕಡ್ಡಿ, ಸುತ್ತ ಸ್ನಾಯು, ನರ, ರಕ್ತನಾಳ, ಮೇಲೆ ಕೂದಲುಳ್ಳ ಚರ್ಮ. ಅದು ಹೆಣ್ಣಾಡಿಗೆ ಮಾತ್ರ ಸೇರಿದ್ದಲ್ಲ, ಹೋತಕ್ಕೂ ಇರುತ್ತದೆ. ಹೋತಕ್ಕೂ ಇದೆಯೆಂಬುದೊಂದು ತಿಳಿದಿದ್ದರೆ ಅದನ್ನು ಸ್ತನವೆನ್ನುವ ಮೊದಲು ನ್ಯಾಯಕಾರನು ತುಸು ಯೋಚಿಸುತ್ತಿದ್ದನು. ಕುರಿಗಳಲ್ಲಿಯೂ ಉಂಟು: ಕಾವೇರಿಯ ಆಚೆಬದಿಯ ಬನ್ನೂರು ಕುರಿಗಳಲ್ಲಿ, ಮಂಡ್ಯ ತಳಿಯೆಂದು ಕರೆಯುವವುಗಳಲ್ಲಿ, ಬಹಳಷ್ಟಕ್ಕೆ ಈ ಕುಡಿಗಳಿವೆ. ವಂಶದಲ್ಲಿ ಇದು ಪ್ರಬಲ ಗುಣ. ತಾಯಿ ತಂದೆಗಳಲ್ಲಿ ಒಬ್ಬರಿಂದ ಬಂದರೂ ಮರಿಯಲ್ಲಿ ಕಾಣುತ್ತದೆ.

ಈ ಓದು ಮುಗಿದ ಬೇಸಗೆಯಲ್ಲಿ ಹನೂರಿನ ಕಡೆಯ ಒಂದು ಹಳ್ಳಿಗೆ ಹೋಗಿ, ಒಂದು ರೊಪ್ಪದ ಮುಂದೆ ನಿಂತು, ಆಡಿನ ಕೊರಳ ಕುಡಿಯನ್ನು ಮೊದಲ ಬಾರಿಗೆ ಬೆರಳಿನಿಂದ ಮುಟ್ಟಿದೆ. ಬೆಚ್ಚಗಿತ್ತು, ಒಳಗೆ ಗಡುಸಾದ ಎಳೆಯೊಂದು ಬೆರಳಿಗೆ ತಾಗಿತು. ಮನೆಯೊಡತಿ ಮುದುಕಿ ನನ್ನ ಕೆಲಸವನ್ನು ನೋಡಿ, "ಅದ್ಯಾಕ ಬುದ್ದಿ ಹಿಡ್ಕಂಡಿದ್ದರಿ?" ಎಂದಳು. ಇದರಿಂದ ಏನಾದರೂ ಪ್ರಯೋಜನವುಂಟೇನವ್ವ ಎಂದು ಕೇಳಿದೆ. ರೊಪ್ಪದಲ್ಲಿದ್ದ ಐದಾರು ಮರಿಗಳ ಕಡೆಗೆ ಕೈ ತೋರಿಸಿ, ಆ ಗುರುತಿರುವವೆಲ್ಲ ತನ್ನ ಹಳೆಯ ಹೆಣ್ಣಾಡಿನ ಪೀಳಿಗೆಯೆಂದೂ, ಮೇಯುವಾಗ ಬೇರೆಯವರ ಹಿಂಡಿನಲ್ಲಿ ಸೇರಿಹೋದರೂ ದೂರದಿಂದಲೇ ತಿಳಿಯುತ್ತದೆಯೆಂದೂ ಹೇಳಿದಳು. ಪ್ರಬಲ ಗುಣವೆಂದು ಪುಸ್ತಕವು ಹೇಳಿದ್ದನ್ನು ಅವಳು ಪೀಳಿಗೆಯೆಂದಳು.

ಅಜಾಗಲಸ್ತನ ನ್ಯಾಯವನ್ನು ನಾನು ಈಗಲೂ ಪಾಠ ಮಾಡುತ್ತೇನೆ. ಹಳೆಯ ಗ್ರಂಥಗಳನ್ನು ಓದುವವರಿಗೆ ಅದು ತಿಳಿದಿರಬೇಕು. ಅರ್ಥ ಹೇಳುವ ಮುನ್ನ, ಆಡು ಸಾಕುವ ಮನೆಯವರು ಯಾರಿದ್ದೀರಿ ಎಂದು ಕೇಳುತ್ತೇನೆ. ನಮ್ಮ ಕಡೆಯ ತರಗತಿಗಳಲ್ಲಿ ಎರಡು ಮೂರು ಕೈಗಳು ಯಾವಾಗಲೂ ಏಳುತ್ತವೆ. ಕೊರಳಲ್ಲಿರುವುದೇನೆಂದು ಮೊದಲು ಅವರೇ ಎದ್ದು ನಿಂತು ಹೇಳುತ್ತಾರೆ.